ಕಣಿವೆಯ ಕೆಳಗಿನ ಅರ್ಧ

ಕಣ್ಣೆದುರಿಗೆ ಅಪ್ಪಟ ಪ್ರತಿಬಿಂಬ ಬಿದ್ದಿರುವಾಗ ಅದನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ನಕಲಿಯೊಂದನ್ನು ಕೂರಿಸುವ ದರ್ದು ಛಾಯಾಗ್ರಾಹಕನಿಗೆ ಏಕೆ ಬರುತ್ತದೆ? ಸ್ಟುಡಿಯೋ ಮಾವ ಬದುಕಿದ್ದಷ್ಟು ಕಾಲವೂ ಅವರ ಸೋದರಳಿಯನಿಗೆ ಇದರ ಉತ್ತರ ಹೊಳೆಯಲಿಲ್ಲ. ಉತ್ತರ ಹುಡುಕುವಷ್ಟು ಮರ್ಯಾದೆಯನ್ನು ಅವನು ಮಾವನಿಗೆ ಕೊಟ್ಟವನೂ ಅಲ್ಲ.

ಮಾವನ ಆಯುಷ್ಯವೆಲ್ಲ ಗುರುತಿನ ಚೀಟಿಯ ಮುಖಗಳಲ್ಲೇ ಸವೆಯಿತು. ನೀಲಿ ಪರದೆ, ಕುಂಟುವ ಸ್ಟೂಲು, ಗಿರಾಕಿಗಳಿಗೆಂದು ಇಟ್ಟ ಹಲ್ಲು ಮುರಿದ ಬಾಚಣಿಗೆ. "ಗದ್ದ ಎತ್ತಿ. ಸಾಕು ಬಿಡಿ, ಇರೋದೇ ಇಷ್ಟು ಮುಖ," ಎನ್ನುತ್ತಿದ್ದರು. ಹಾಗೆನ್ನುವ ಠೇಂಕಾರ ಬಂದದ್ದು ಬೆನ್ನ ಹಿಂದೆ ತೂಗುಹಾಕಿದ್ದ ಆ ಚಿತ್ರದಿಂದ: ನದಿ ಕೊರೆದ ಕಣಿವೆ, ಕಡಿದಾದ ಕೆಂಪು ಬಂಡೆ, ಕೆಳಗೆ ಅಲುಗದ ನೀರಿನಲ್ಲಿ ಅದೇ ಬಂಡೆ ತಲೆಕೆಳಗಾಗಿ. ಜನ ಬಾಯಿಬಿಟ್ಟು ನೋಡುತ್ತಿದ್ದರು. ಆ ಬಾಯಿಗಳ ಬಗ್ಗೆಯೂ ಮಾವನಿಗೆ ತಾತ್ಸಾರವೇ.

ನಗರಸಭೆಯವರು ಹೊಸ ಸಭಾಂಗಣದ ಗೋಡೆಗೆ ಅದನ್ನು ಆಳೆತ್ತರಕ್ಕೆ ಮಾಡಿಸಿ, ಕೆಳಗೆ ಮಾವನ ಹೆಸರು ಬರೆಸಲು ಹೊರಟರು. ಬದುಕಿನಲ್ಲಿ ಮಾವ ಬಯಸಿದ್ದು ಅದೊಂದನ್ನೇ. ಆಯ್ಕೆಯ ಸಮಿತಿಯಲ್ಲಿ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಸೋದರಳಿಯನೂ ಇದ್ದ. ಅವನು ಚಿತ್ರವನ್ನು ಮೊದಲ ಬಾರಿ ಗಮನವಿಟ್ಟು ನೋಡಿ, ನೇರ ಸ್ಟುಡಿಯೋಗೆ ಬಂದ.

"ಮಾವ, ಇದು ನೀರೇ ಅಲ್ಲ. ಮೇಲಿನ ಅರ್ಧವನ್ನೇ ಮಗುಚಿ ಹಾಕಿದ್ದೀರಿ."

"ಏನು ಮೇಷ್ಟ್ರೇ, ನೀರಿಗೂ ಮಾರ್ಕ್ಸ್ ಹಾಕ್ತೀಯಾ?"

"ಚಾಚಿಕೊಂಡಿರೋ ಈ ಬಂಡೆ ನೋಡಿ. ಫೋಟೋ ಎತ್ತರದಿಂದ ತೆಗೆದದ್ದು, ಬಂಡೆಯ ಅಡಿ ಕ್ಯಾಮೆರಾಗೆ ಕಾಣಲ್ಲ. ನೀರಿಗೆ ಕಾಣುತ್ತೆ. ಪ್ರತಿಬಿಂಬದಲ್ಲಿ ಬಂಡೆಯ ಹೊಟ್ಟೆ ಇರಬೇಕಿತ್ತು. ಎಲ್ಲಿದೆ?"

"ಮೊದಲು ನಿನ್ನ ಹೊಟ್ಟೆ ನೋಡ್ಕೋ ಹೋಗು."

"ಮೂಲ ನೆಗೆಟಿವ್ ಕೊಡಿ, ಅದನ್ನೇ ದೊಡ್ಡದು ಮಾಡಿಸೋಣ. ಹೆಸರು ನಿಮ್ಮದೇ ಇರುತ್ತೆ."

ಕೌಂಟರಿನಲ್ಲಿ ಫೋಟೋಗಳ ಅಂಚು ಕತ್ತರಿಸುತ್ತಿದ್ದ ಅತ್ತೆಯ ಕೈ ನಿಂತಿತು. ಮಾವ ಹೆಂಡತಿಯತ್ತ ಒಮ್ಮೆ ನೋಡಿ, "ಕಳೆದುಹೋಗಿದೆ," ಎಂದರು. "ನಿಮ್ಮ ಗೋಡೆ ನೀವೇ ಇಟ್ಕೊಳ್ಳಿ."

ಗೋಡೆಗೆ ಕೊನೆಗೆ ಯಾರದೋ ಸೂರ್ಯಾಸ್ತ ಬಂತು. ಮಾವ ಅಳಿಯನೊಡನೆ ಮಾತು ಬಿಟ್ಟರು. ಅಳಿಯನಿಗೆ ಅದೇನೂ ನಷ್ಟವೆನಿಸಲಿಲ್ಲ. ಸುಳ್ಳು ಹೇಳುವವರು ಬೆಳಕಿನ ನಿಯಮಗಳನ್ನಾದರೂ ಓದಿಕೊಂಡಿರಬೇಕು ಎಂದು, ಮಾವನನ್ನೇ ಉದಾಹರಣೆಗೆ ಎಳೆದು ತರಗತಿಯನ್ನು ನಗಿಸುತ್ತಿದ್ದ.

ಮಾವ ತೀರಿಕೊಂಡ ಮೇಲೆ ಸ್ಟುಡಿಯೋ ಖಾಲಿ ಮಾಡಲು ಹೋದಾಗ, ಅತ್ತೆ ಆ ನೆಗೆಟಿವನ್ನು ಅವನ ಕೈಗಿಟ್ಟರು.

"ತೆಗೆದದ್ದು ನಾನು," ಎಂದರು. "ಕಾಲುದಾರಿ ಆ ಬಂಡೆ ಅಡಿಯಲ್ಲೇ ಹೋಗೋದು. ಪಕ್ಕದಲ್ಲೇ ಪ್ರಪಾತ. ಅರ್ಧ ದಾರೀಲೇ ಇವರ ಜೀವ ಬಾಯಿಗೆ ಬಂತು. ಕ್ಯಾಮೆರಾ ನನ್ನ ಕೊರಳಿಗೆ ಹಾಕಿ, ನೀನೇ ಹೋಗು ಅಂದ್ರು. ನಾನು ದಾಟಿ, ಎದುರಿನ ದಿಬ್ಬ ಹತ್ತಿ ಕ್ಲಿಕ್ ಮಾಡಿದೆ."

ಅಳಿಯ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೇಲಿನ ಅರ್ಧದಲ್ಲಿ ಬರೀ ಬಂಡೆ. ಕೆಳಗೆ, ನೀರಿನಲ್ಲಿ, ಬಂಡೆಯ ಅಡಿಗೆ ಅವುಚಿಕೊಂಡು, ಕೈ ಮಂಡಿ ಊರಿ ಕೂತ ಮಾವ ಸ್ಪಷ್ಟವಾಗಿ ಕಾಣುತ್ತಿದ್ದರು.

"ಕಣ್ಣೂ ಮುಚ್ಕೊಂಡಿದ್ರು," ಎಂದರು ಅತ್ತೆ. "ಅಷ್ಟು ಸಣ್ಣದು ಇದ್ರಲ್ಲಿ ಕಾಣಲ್ಲ."