ಗಂಜಿ ಹಾಕಿದ ಹೊದಿಕೆ

ಬನಹಟ್ಟಿಯ ನಮ್ಮ ಓಣಿಯಲ್ಲಿ ಹಾಲವ್ವ ಆಯಿಯ ಅಂಗಳ ದಾಟುವಾಗಲೆಲ್ಲ ಮಗಳು ಅಕ್ಷತಾಳನ್ನು ಎತ್ತಿಕೊಂಡುಬಿಡುತ್ತಿದ್ದೆ. ಅಲ್ಲಿ ತಗಡಿನ ಚಪ್ಪರದ ಕೆಳಗೆ ಬಿಳಿ ಹೊದಿಕೆ ಹೊದ್ದ ಗಾಡಿಯೊಂದು ನಿಂತಿತ್ತು. ಹೆಣಕ್ಕೆ ಹೊದಿಸಿದ ಹಾಗಿದೆ ಎಂದು ನನಗೆ ಅನಿಸಿದ್ದನ್ನು ಯಾರಿಗೂ ಹೇಳಿರಲಿಲ್ಲ.

ಆಯಿಯ ಗಂಡ ಮಲಕಾಜಪ್ಪ ನೇಕಾರರು. ಹಳೆಯ ಟೆಂಪೋ ಕೊಂಡು, ಒಳಗೆ ಹಲಗೆಯ ಮಂಚ, ಗ್ಯಾಸಿನ ಒಲೆ, ಕಿಟಕಿಗೆ ತಾವೇ ನೇಯ್ದ ಪರದೆ ಹಾಕಿಕೊಂಡಿದ್ದರು. ಮಗ್ಗಕ್ಕೆ ಬಿಡುವಾದಾಗ ಹೆಂಡತಿಯನ್ನು ಕೂರಿಸಿಕೊಂಡು ಶ್ರೀಶೈಲ, ಪಂಢರಪುರ ಎಂದು ತಿರುಗುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಗಾಡಿಯನ್ನು ಅವರು ಬಿಟ್ಟುಹೋದ ಹಾಗೆಯೇ ಕಾಪಾಡಬೇಕು, ಅದೊಂದೇ ಆಯಿಯ ಹಟ. ಪ್ಲಾಸ್ಟಿಕ್ ತಾಡಪತ್ರಿ ಹಾಕಿದರೆ ಒಳಗೆ ಬೆವತು ತುಕ್ಕು ಹಿಡಿಯುತ್ತದೆಂದು ಹತ್ತಿಯ ದಪ್ಪ ಬಟ್ಟೆಯಲ್ಲಿ ಹೊದಿಕೆ ಹೊಲಿದರು. ಜೀವಮಾನವಿಡೀ ನೂಲಿಗೆ ಗಂಜಿ ಹಾಕಿದ ಕೈ. ಧೂಳು ಇಳಿಯದಿರಲೆಂದು ಅದಕ್ಕೂ ದಪ್ಪಗೆ ಗಂಜಿ ಬಳಿದರು.

ಮಳೆಗಾಲದಲ್ಲಿ ಸಪ್ಪಳ ಶುರುವಾಯಿತು. ಮಧ್ಯಾಹ್ನ ಕರೆಂಟು ಹೋಗಿ ಓಣಿಯ ಮಗ್ಗಗಳು ನಿಂತಾಗ, ಗಾಡಿಯೊಳಗೆ ಯಾರೋ ಹೊರಳಿದಂತೆ.

"ಆಯಿ, ಒಳಗ ಏನೋ ಐತ್ರಿ."

"ಏನೋ ಅಲ್ಲವ್ವಾ, ನಮ್ಮ ಮನಿಯವರ. ಮಗ್ಗಲಾ ಬದಲಿಸ್ತಾರ. ಯಾವತ್ತರ ಛಲೋ ನಿದ್ದಿ ಮಾಡ್ಯಾರೇನು?" ಆಯಿ ನಕ್ಕರು. "ಸಾಲಿ ಕಲತಾಕಿ ನೀ, ಅಂಜತಿಯೇನ?"

ನನಗೆ ನಗಲಾಗಲಿಲ್ಲ. ಒಂದು ದಿನ ಅಕ್ಷತಾ ಹೊದಿಕೆಯ ಅಂಚೆತ್ತಿ ಒಳಗೆ ನುಸುಳುತ್ತಿದ್ದುದನ್ನು ಕಂಡು ಕಿರುಚಿಬಿಟ್ಟೆ. ಎದುರು ಮನೆಯ ವೀರೇಶಣ್ಣ ಓಡಿಬಂದು, ಹೊದಿಕೆ ಎಳೆದು ಗಾಡಿಯ ಬಾಗಿಲು ತೆರೆದ.

ಇಲಿಗಳು. ಗಂಜಿಯ ರುಚಿಗೆ ಬಂದು, ಹೊದಿಕೆಯನ್ನು ಅಲ್ಲಲ್ಲಿ ತಿಂದು, ಮಂಚದ ಮೇಲೆ ಹಾಸಿದ್ದ ಮಲಕಾಜಪ್ಪನವರ ಕೌದಿಯಲ್ಲಿ ಮರಿ ಹಾಕಿದ್ದವು.

"ಆಯೀ, ಇಲಿಗಿ ಭರ್ತಿ ಊಟಾ ಹಾಕಿಯಲ್ಲ ಬೇ!" ಎಂದು ವೀರೇಶಣ್ಣ ಚುಡಾಯಿಸಿದ.

ಆಯಿ ಬಗ್ಗಿ ಕೌದಿಯ ಅಂಚನ್ನು ಸವರಿದರು. ಇಲಿಜ್ವರದ ಬಗ್ಗೆ ಓದಿದ್ದೆಲ್ಲ ನೆನಪಾಗಿ ನಾನು ಮಗಳ ಕೈಕಾಲು ತಿಕ್ಕಿ ತಿಕ್ಕಿ ತೊಳೆದೆ. ಹರಿದ ಕೌದಿಯನ್ನು ಸುಡಿಸಿದ್ದೂ ನಾನೇ. ಹೊದಿಕೆಯ ಗಂಜಿ ಪೂರಾ ಹೋಗುವಂತೆ ಒಗೆದು, ತೇಪೆ ಹಚ್ಚಿ, ಮತ್ತೆ ಹೊದಿಸಿದೆವು. ಸಪ್ಪಳ ನಿಂತಿತು. ನನಗೆ ನೆಮ್ಮದಿಯಾಗಬೇಕಿತ್ತು.

ನಿನ್ನೆ ಮಗ್ಗಗಳು ನಿಂತ ಹೊತ್ತಿನಲ್ಲಿ ಹೊದಿಕೆಯ ಕೆಳಗಿಂದ ಪಿಸುದನಿ ಕೇಳಿತು. ಅಂಚೆತ್ತಿ ನೋಡಿದೆ. ಗಾಡಿಯ ಬಾಗಿಲು ತೆರೆದಿತ್ತು. ಬಟ್ಟೆಯಿಂದ ಸೋಸಿ ಬಂದ ಮಬ್ಬು ಬೆಳಕಿನಲ್ಲಿ ಆಯಿ ಬರಿದಾದ ಮಂಚದ ಹಲಗೆಗೆ ಕಿವಿ ಹಚ್ಚಿ ಕೂತಿದ್ದರು.

"ಒಂದ ಸಲ ಹೊರಳ್ರಿ," ಅನ್ನುತ್ತಿದ್ದರು. "ಒಂದ ಸಲ. ಸಾಕು."