ಗಾಲಿಗೆ ಒಡ್ಡಿದ ಬೀಸೋ ಕಲ್ಲು

ಒಂದು ವಾರದಿಂದ ನಮ್ಮ ಮನೆಯಲ್ಲಿ ಹರಳೆಣ್ಣೆಯ ವಾಸನೆ. ನಮ್ಮ ಮನೆಯವರ ಬಲಮೊಣಕಾಲು ಮುಷ್ಕರ ಹೂಡಿದೆ. ಡಾಕ್ಟರು ಕೊಟ್ಟ ಮುಲಾಮನ್ನು ಮೂಸಿ ನೋಡಿ ಪಕ್ಕಕ್ಕಿಟ್ಟು, "ಅರಳೆಣ್ಣೆ ಕಾಯ್ಸಿ ಉಜ್ಜು, ಸಾಕು" ಎಂದು ಅಪ್ಪಣೆ ಕೊಡಿಸಿದ್ದಾರೆ. ಯಾವುದನ್ನೇ ಆಗಲಿ ಮೂಸಿ ನೋಡದೆ ಒಪ್ಪುವ ಜಾತಿ ಅವರದಲ್ಲ. ಸಾರು, ಸೀರೆ, ಹೊಸ ಪುಸ್ತಕ, ಎಲ್ಲಕ್ಕೂ ಮೂಗೇ ಮೊದಲ ಪರೀಕ್ಷೆ. ಹಾಗಾಗಿ ತಿಂಡಿಯಾದ ಮೇಲೆ ಅವರು ಜಗಲಿಯಲ್ಲಿ ಕಾಲು ಚಾಚಿ ಕೂರುವುದು, ನಾನು ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು ಉಜ್ಜುವುದು ನಡೆದಿದೆ. ಮೊದಲ ದಿನ ಆ ಬಟ್ಟಲಿನ ಆವಿ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ಬಾಣಂತನವಲ್ಲ, ಎಣ್ಣೆಸ್ನಾನವೂ ಅಲ್ಲ, ಬ್ರೇಕು. ನೀವು ನಗುತ್ತೀರಿ. ಹರಳೆಣ್ಣೆ ಮೂಸಿದರೆ ಬ್ರೇಕು ನೆನಪಾಗುವ ಹೆಂಗಸು ಮಂಡ್ಯ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಹಳೆಯ ಕಾಲದ ವಾಹನಗಳ ಬ್ರೇಕಿನ ಎಣ್ಣೆಯನ್ನು ಹರಳೆಣ್ಣೆಯಿಂದಲೇ ಮಾಡುತ್ತಿದ್ದರಂತೆ. ಇದು ನನಗೆ ತಿಳಿದದ್ದು ತೊಂಬತ್ತರ ದಶಕದ ನಡುವಿನಲ್ಲಿ, ಇವರು ಮನೆಗಾಡಿಯನ್ನು ತಂದಾಗ. ಇವರಿಗೆ ಆಗ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಕೆಲಸ, ನಾವಿದ್ದದ್ದು ಶ್ರೀರಂಗಪಟ್ಟಣದಲ್ಲಿ. ಒಂದು ಭಾನುವಾರ ಬೆಳಿಗ್ಗೆ ತರಕಾರಿ ತರುತ್ತೇನೆಂದು ಚೀಲ ಹಿಡಿದು ಹೋದವರು, ಟ್ರಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿ ಒಂದು ಮುದಿ ವ್ಯಾನನ್ನು ಎಳೆಸಿಕೊಂಡು ಬಂದರು. ಚೀಲ ಖಾಲಿಯಿತ್ತು.

ಯಾವುದೋ ಕಾಲದಲ್ಲಿ ದೇಶ ಸುತ್ತಲು ಬಂದ ಬಿಳಿಯ ದಂಪತಿ ಬಿಟ್ಟುಹೋದ ಗಾಡಿಯಂತೆ ಅದು. ಮೈಸೂರಿನಲ್ಲಿ ಯಾರದೋ ಹಿತ್ತಲು ಸೇರಿ ಕೋಳಿಗೂಡಾಗಿತ್ತು. ಒಳಗೆ ಎರಡು ಮಂಚ, ಮಡಚುವ ಮೇಜು, ಒಲೆಯಿಡಲು ಕಟ್ಟೆ, ಕೈ ತೊಳೆಯಲು ತೊಟ್ಟಿ, ಅದರ ಮೇಲೊಂದು ಕನ್ನಡಿ. ಮನೆಯೇ, ಆದರೆ ಕೆಳಗೆ ಗಾಲಿ. ಕೋಳಿ ಹಿಕ್ಕೆ ಕೆರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಇವರು ಮಾತ್ರ ಸ್ಟೀರಿಂಗ್ ಹಿಡಿದು ಕೂತು, ನಿಂತ ಗಾಡಿಯಲ್ಲೇ ಕಾಶಿಯವರೆಗೆ ಹೋಗಿಬಂದರು. ನಮ್ಮತ್ತೆ ಮಂಚದ ಮೇಲಿಂದಲೇ ಕಿಟಕಿಯಲ್ಲಿ ಇಣುಕಿ, "ಇರೋ ಮನೆ ಸೋರ್ತಾ ಅದೆ, ಇವ್ನು ಓಡೋ ಮನೆ ತಂದವ್ನೆ" ಎಂದರು. ಓಡುವ ಮನೆಯೂ ಸೋರುತ್ತಿತ್ತು, ಆ ಮಾತು ಬೇರೆ.

ಮೈಸೂರಿನಿಂದ ಬಂದ ಮೇಸ್ತ್ರಿಯೊಬ್ಬರು ಎಂಜಿನ್ನಿಗೆ ಜೀವ ತುಂಬಿ, "ಗಾಡಿ ಓಡ್ತದೆ ಸ್ವಾಮಿ, ಆದ್ರೆ ನಿಲ್ಲಾಕಿಲ್ಲ. ಬ್ರೇಕು ಪೂರ್ತಿ ಬಿಚ್ಚಬೇಕು" ಎಂದು ಕೈ ಒರೆಸಿಕೊಂಡು ಹೋದರು. ಇವರಿಗೆ ಅದೇ ಬೇಕಾಗಿತ್ತು. ಅಣೆಕಟ್ಟೆಯ ತೂಬು ಎತ್ತಿಳಿಸುವ ಮನುಷ್ಯನಿಗೆ ಇಷ್ಟು ಸಣ್ಣ ಬ್ರೇಕು ಯಾವ ಲೆಕ್ಕ ಎಂಬ ಧೈರ್ಯ.

ಆದರೂ ಆ ಗಾಡಿ ನಮ್ಮ ಹಿತ್ತಲಲ್ಲಿ ಇನ್ನಷ್ಟು ಕೋಳಿಗಳನ್ನು ಸಾಕಿಕೊಂಡು ಇದ್ದುಬಿಡುತ್ತಿತ್ತೇನೋ, ಅತ್ತೆಯ ಆಸೆಯೊಂದು ಇಲ್ಲದಿದ್ದರೆ. ಅತ್ತೆಗೆ ಸೊಂಟದ ಮೂಳೆ ಸರಿದು ಕೂರಲು ಆಗುತ್ತಿರಲಿಲ್ಲ, ಮಲಗಿದ್ದರೆ ಮಾತ್ರ ನೆಮ್ಮದಿ. ಜೊತೆಗೆ ಎದೆಯೂ ದುರ್ಬಲ ಎಂದು ಡಾಕ್ಟರು ಇವರನ್ನು ಹೊರಗೆ ಕರೆದು ಹೇಳಿದ್ದರು. ಹೊರಗೆ ಹೇಳಿದ್ದು ಒಳಗೆ ಮಲಗಿದ್ದವರಿಗೆ ಕೇಳಿಸಿತ್ತು. ಮಾರನೆಯ ದಿನ ಅತ್ತೆ ಗೋಡೆ ನೋಡುತ್ತಾ ಮಗನಿಗೆ ಅಂದರು: "ನಿಂಗಿ ಮೊಖ ಒಂದ್ಸಲ ನೋಡ್ಬೇಕು ಕಣ್ಲಾ."

ನಿಂಗಿ ಎಂದರೆ ಕಿಕ್ಕೇರಿಯಲ್ಲಿದ್ದ ಅವರ ತಂಗಿ ನಿಂಗಮ್ಮ. ಅಕ್ಕತಂಗಿಯರು ಮಾತು ಬಿಟ್ಟು ಹದಿನೇಳು ವರ್ಷವಾಗಿತ್ತು. ಕಾರಣ ಕೇಳಿದರೆ ನೀವು ನಂಬುವುದಿಲ್ಲ: ಬೀಸುವ ಕಲ್ಲು. ಅವರ ತಾಯಿ ತೀರಿಕೊಂಡಾಗ ಆಕೆಯ ಬೀಸುವ ಕಲ್ಲು ತನಗೇ ಬೇಕೆಂದು ಇಬ್ಬರೂ ಹಟ ಹಿಡಿದು, ಕೊನೆಗೆ ಮೇಲಿನ ಕಲ್ಲನ್ನು ಅಕ್ಕ, ಕೆಳಗಿನ ಕಲ್ಲನ್ನು ತಂಗಿ ಗಾಡಿಗೆ ಹಾಕಿಕೊಂಡು ಹೋದರು. ಇಬ್ಬರೂ ಅದರಲ್ಲಿ ಒಂದು ಹಿಡಿ ರಾಗಿ ಬೀಸಲಿಲ್ಲ. ಸಾಲದ್ದಕ್ಕೆ, ನಿನ್ನ ಮನೆ ಹೊಸಲು ತುಳಿಯುವುದಿಲ್ಲ ಎಂದು ಪರಸ್ಪರ ಆಣೆ ಬೇರೆ ಹಾಕಿಕೊಂಡಿದ್ದರು. ನಮ್ಮ ಕಡೆ ಹೆಂಗಸರು ಹೊಸಲಿನ ಮೇಲೆ ಆಣೆಯಿಟ್ಟರೆ ಮುಗಿಯಿತು. ಮದುವೆ, ಸಾವು, ಯಾವುದಕ್ಕೂ ದಾಟುವುದಿಲ್ಲ.

"ಒಸ್ಲು ತುಳಿಯಾಕಿಲ್ಲ. ಅವ್ಳ ಮನೆ ಮುಂದೆ ಗಾಡಿ ನಿಲ್ಸು, ಕಿಟಕೀಲಿ ನೋಡ್ಕೊಂಡು ಬಂದ್ಬುಡ್ತೀನಿ" ಎಂದರು ಅತ್ತೆ. ಬಸ್ಸಿನಲ್ಲಿ ಕೂರಲಾಗದು, ಆಸ್ಪತ್ರೆಯ ಗಾಡಿ ತರಿಸುತ್ತೇನೆಂದರೆ, "ಅದ್ರಲ್ಲಿ ಎಣ ಸಾಗಿಸ್ತಾರೆ" ಎಂದು ಮುಖ ತಿರುಗಿಸಿದರು. ಮಲಗಿಕೊಂಡೇ ಹೋಗಬಹುದಾದ ವಾಹನ ಜಿಲ್ಲೆಗೆಲ್ಲ ಒಂದೇ ಇತ್ತು, ಅದು ನಮ್ಮ ಹಿತ್ತಲಲ್ಲಿ ಬ್ರೇಕಿಲ್ಲದೆ ನಿಂತಿತ್ತು. ಹಾಗೆ ಇವರ ಹುಚ್ಚು ಒಂದೇ ದಿನದಲ್ಲಿ ಮನೆಯ ಕರ್ತವ್ಯವಾಗಿ ಬಡ್ತಿ ಪಡೆಯಿತು.

ಮೊದಲ ದಿನವೇ ಎಡಗಡೆಯ ಗಾಲಿ ಜಪ್ಪಯ್ಯ ಅನ್ನಲಿಲ್ಲ. ಇವರು ನಟ್ಟು ಬಿಚ್ಚುವ ಪಾನದ ಮೇಲೆ ಹತ್ತಿ ನಿಂತು ಕುಣಿದರು. ಒಂದು ಬೋಲ್ಟು ಮುರಿಯಿತು, ನಟ್ಟು ಕದಲಲಿಲ್ಲ. ಕಿಟಕಿಯಿಂದ ಅತ್ತೆ, "ಅತ್ಲಾಗೆ ತಿರುಗಾಕಿಲ್ಲ ಅಂದ್ರೆ ಇತ್ಲಾಗೆ ತಿರುಗ್ಸಿ ನೋಡ್ಲಾ, ಅದ್ಯಾಕಂಗೆ ಗುದ್ದಾಡ್ತೀಯ" ಎಂದರು. ತಿರುಗಿಸಿದರು, ಬಂತು. ಆ ಕಾಲದ ಗಾಡಿಗಳಲ್ಲಿ ಎಡಗಡೆಯ ನಟ್ಟುಗಳನ್ನು ಉಲ್ಟಾ ತಿರುಗಿಸಬೇಕಂತೆ. ಸುಳ್ಳೇಕೆ, ನನಗೆ ಬಹಳ ಸಂತೋಷವಾಯಿತು.

ಗಾಲಿಯ ಡ್ರಮ್ಮು ಬಿಚ್ಚಿದರೆ ಒಳಗೆ ಲಾಳದಂಥ ಎರಡು ಕಬ್ಬಿಣ, ಅವನ್ನು ಅಗಲಿಸುವ ಒಂದು ಪುಟ್ಟ ಕೊಳವೆ, ಕೊಳವೆಯೊಳಗೆ ಕುಂಕುಮದ ಭರಣಿಯ ಮುಚ್ಚಳದಷ್ಟು ಅಗಲದ ರಬ್ಬರಿನ ಬಟ್ಟಲುಗಳು. ಹಳೆಯವು ಕೊಳೆತಿದ್ದವು, ಎಣ್ಣೆ ಅಲ್ಲಿಂದಲೇ ಸೋರುತ್ತಿತ್ತು. ಇವರು ಮೈಸೂರಿಗೆ ಹೋಗಿ ಹೊಸ ರಬ್ಬರು ತಂದರು. ತಂದವರು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಲೇ, ಈ ರಬ್ಬರಿಗೆ ಸೋಪು ನೀರು ಬುಟ್ರೆ ಬೇರೆ ಏನೂ ತಾಕುಸ್ಬಾರ್ದಂತೆ" ಎಂದು ಮೂರು ಸಲ ಹೇಳಿದರು. ನಾನು ಮುದ್ದೆ ತೊಳಸುತ್ತಿದ್ದೆ. ಮುದ್ದೆ ತೊಳಸುವ ಹೆಂಗಸಿಗೆ ಹೇಳಿದ ಮಾತು ಗೋಡೆಗೆ ಹೇಳಿದ ಹಾಗೆ. ಹೂಂ ಎಂದೆ, ಮೂರು ಸಲವೂ.

ಮಾರನೆಯ ದಿನ ಅವರಿಗೆ ಕೊಡಲು ರಬ್ಬರಿನ ಪೊಟ್ಟಣ ಹಿಡಿದು ಹಿತ್ತಲಿಗೆ ಹೋಗುವಾಗ ಅದು ಕೈಜಾರಿ ಸಗಣಿ ಬಗ್ಗಡದಲ್ಲಿ ಬಿತ್ತು. ಇವರು ಗಾಡಿಯಡಿಯಲ್ಲಿ ಮಲಗಿದ್ದರು, ನೋಡಲಿಲ್ಲ. ನಾನು ನಾಗಮಂಗಲ ಸೀಮೆಯ ಬಾವಿ ಬೇಸಾಯದ ಮನೆಯ ಮಗಳು. ನಮ್ಮಪ್ಪ ಡೀಸೆಲ್ ಪಂಪಿನ ಯಾವ ಭಾಗ ಬಿಚ್ಚಿದರೂ ಮೊದಲು ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜುತ್ತಿದ್ದ; ಸೀಮೆಎಣ್ಣೆ ಕಾಣದ ಎಂಜಿನ್ ಸಾಮಾನು ನಮ್ಮ ಮನೆಯಲ್ಲಿ ಮಡಿಯೇ ಅಲ್ಲ. ನನ್ನ ಕೈ ತಾನಾಗಿ ಸೀಮೆಎಣ್ಣೆ ಡಬ್ಬಿಗೆ ಹೋಯಿತು. ಬಟ್ಟಲಿಗೆ ಸುರಿದು, ಒಂದೊಂದನ್ನೂ ಅದ್ದಿ, ಸೀರೆ ಸೆರಗಲ್ಲಿ ಒರೆಸಿ, ಎಂಥ ಜಾಣೆ ನಾನು ಅಂದುಕೊಂಡು ತೆಗೆದುಕೊಂಡು ಹೋಗಿ ಕೊಟ್ಟೆ. ತಲೆಯಿಂದ ಕಾಲಿನವರೆಗೂ ಗ್ರೀಸು, ಎಣ್ಣೆಯಲ್ಲಿ ಮುಳುಗಿದ್ದ ಅವರಿಗೆ ವಾಸನೆ ತಿಳಿಯಲಿಲ್ಲ. "ಒಸ ರಬ್ಬರು, ವಸಿ ಬಿಗಿ ಅದೆ" ಎನ್ನುತ್ತಾ ಕೂರಿಸಿದರು.

ಆಮೇಲೆ ಕೊಳವೆಗಳಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕೇ ಬೇಕು. ನಾನು ಮೇಲೆ ಕೂತು ಪೆಡಲು ತುಳಿಯುವುದು. ಅವರು ಗಾಲಿಯ ಹತ್ತಿರ ಮಲಗಿ ತಿರುಪು ಸಡಿಲಿಸಿ, ಉಪ್ಪಿನಕಾಯಿ ಬಾಟಲಿಗೆ ಎಣ್ಣೆ ಹರಿಸಿ, ಗುಳ್ಳೆ ನಿಂತಿತೇ ನೋಡಿ, ತಿರುಪು ಬಿಗಿಯುವುದು. ಮುಖ ಕಾಣುವುದಿಲ್ಲ, ದನಿ ಮಾತ್ರ. "ಒತ್ತು." ಒತ್ತುತ್ತೇನೆ. "ಇಡ್ಕೊ." ಕಾಲು ನಡುಗುವವರೆಗೆ ಹಿಡಿಯುತ್ತೇನೆ. "ಬುಡು." ಆಗ ಬಿಡಬೇಕು. ಅವರು ಬುಡು ಅನ್ನುವ ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಕ್ಕೆ ಎಳೆದುಕೊಂಡು ಮಾಡಿದ್ದೆಲ್ಲ ಮಣ್ಣು. ನಾಲ್ಕು ಗಾಲಿಗೆ ಒಂದು ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನಾನು ಅವರ ಮಾತನ್ನು ಅಷ್ಟು ಚಾಚೂ ತಪ್ಪದೆ ಕೇಳಿದ್ದು ಅದೇ ಮೊದಲು.

ಹೊರಡುವ ಬೆಳಿಗ್ಗೆ ಅತ್ತೆಯನ್ನು ಒಳಗಿನ ಮಂಚದಲ್ಲಿ ಮಲಗಿಸಿದೆವು. ಅತ್ತೆ, "ಬೀಸೋ ಕಲ್ಲು ಮಡಿಕ್ಕೊಳ್ಲಾ, ಗಾಲಿಗೆ ಒಡ್ಡು ಕೊಡಾಕಾಯ್ತದೆ" ಎಂದರು. ಗಾಲಿಗೆ ಒಡ್ಡಲು ಹಿತ್ತಲಲ್ಲಿ ಬೇಕಾದಷ್ಟು ಕಲ್ಲಿದ್ದವು. ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು, ಇಬ್ಬರೂ ಸೇರಿ ಆ ಅರ್ಧ ಕಲ್ಲನ್ನು ಎತ್ತಿಟ್ಟೆವು.

ಪಾಂಡವಪುರ ದಾಟುವವರೆಗೆ ಗಾಡಿ ಮದುವಣಗಿತ್ತಿಯ ಹಾಗೆ ಹೋಯಿತು. ಅಲ್ಲಿಂದ ಮುಂದೆ ಯಾಕೋ ಮುಕ್ಕರಿಯತೊಡಗಿತು. ಶೀಳನೆರೆ ಹತ್ತಿರದ ಒಂದು ಕೆರೆ ಏರಿ ಹತ್ತುವಾಗ ಸುಟ್ಟ ವಾಸನೆ, ಗಾಲಿಯಿಂದ ಹೊಗೆ. ಏರಿಯ ಮೇಲೆ ಗಾಡಿ ನಿಂತೇಬಿಟ್ಟಿತು. ಓಡುತ್ತದೆ, ನಿಲ್ಲುವುದಿಲ್ಲ ಎಂದಿದ್ದ ಗಾಡಿ ಈಗ ನಿಂತಿತ್ತು, ಓಡುತ್ತಿರಲಿಲ್ಲ. ಹಿಡಿದ ಬ್ರೇಕು ಬಿಡದೆ ಗಾಲಿಗಳು ಕಚ್ಚಿಕೊಂಡಿದ್ದವು. ಹತ್ತಿರದ ಆಲೆಮನೆಯವರು ಟ್ರಾಕ್ಟರು ತಂದು ಅದನ್ನು ಹುಣಸೆಮರದ ಕೆಳಗೆ ಎಳೆದುಹಾಕಿದರು. ಇವರು ಗಾಲಿಗೆ ಬೀಸೋ ಕಲ್ಲು ಒಡ್ಡಿ ಡ್ರಮ್ಮು ಬಿಚ್ಚಿದರು. ರಬ್ಬರಿನ ಬಟ್ಟಲುಗಳು ಊದಿ, ಉದ್ದಿನವಡೆಯ ಹಿಟ್ಟಿನಂತೆ ಮೆತ್ತಗಾಗಿದ್ದವು. ನನಗೆ ಆ ಕ್ಷಣವೇ ಸೋಪು ನೀರಿನ ಮಾತು ಕಿವಿಯೊಳಗೆ ಬಿತ್ತು, ಎರಡು ದಿನ ತಡವಾಗಿ. ಇವರು ಒಂದನ್ನು ಅಭ್ಯಾಸಬಲದಿಂದ ಮೂಗಿನ ಹತ್ತಿರ ಹಿಡಿದು ನೋಡಿ ಪಕ್ಕಕ್ಕಿಟ್ಟರು. ಒಳಗಿನಿಂದ ಅತ್ತೆ ಕೂಗಿದರು: "ಏನ್ಲಾ ಆಯ್ತು? ಯಾರ್ ಮಾಡಿದ್ಲಾ ಇಂಗೆ?"

"ನಂದೇ ತೆಪ್ಪು ಕನವ್ವ. ಯಾವ್ದೋ ಕೆಟ್ಟೆಣ್ಣೆ ಉಯ್ದುಬುಟ್ಟಿವ್ನಿ" ಎಂದರು ಇವರು.

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅತ್ತೆಯ ನಾಲಿಗೆಗೆ ಹೆದರಿದೆ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ಮಗನಿಗೆ ಅವರು ಬೈದ ಬೈಗುಳವನ್ನೆಲ್ಲ ನಾನು ಸ್ಟೌವಿನ ಮೇಲೆ ಕಾಫಿ ಕಾಯಿಸುತ್ತಾ ಕೇಳಿಸಿಕೊಂಡೆ. ಬೈದು ಸುಸ್ತಾದ ಮೇಲೆ ಅತ್ತೆ ಅತ್ತರು. "ಅವ್ಳ ಮೊಖ ನೋಡೋ ಯೋಗ ನಂಗಿಲ್ಲ ಬುಡು" ಎಂದರು. ಅವರು ಅತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಇವರು ಹೊಸ ರಬ್ಬರಿಗಾಗಿ ಸಿಕ್ಕ ಬಸ್ಸು ಹತ್ತಿ ಮೈಸೂರಿಗೆ ಹೊರಟರು. ನಾನು ಸುಮ್ಮನಿರಲಾರದೆ, ಕಿಕ್ಕೇರಿಗೆ ಹೋಗುವ ಬಸ್ಸಿಗೆ ಕೈ ಅಡ್ಡ ಹಾಕಿ ಕಂಡಕ್ಟರಿಗೆ ಹೇಳಿದೆ: ಬಸ್‌ಸ್ಟಾಂಡಿನ ಹಿಂದಿನ ನಿಂಗಮ್ಮನಿಗೆ ಸುದ್ದಿ ಮುಟ್ಟಿಸಿ, ಅವರಕ್ಕ ಏರಿ ಮೇಲೆ ಸಿಕ್ಕಿಹಾಕಿಕೊಂಡಿದ್ದಾರೆ ಎಂದು. ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಮಾಡಿದ ತಪ್ಪಿಗೆ ಏನಾದರೂ ಮಾಡಬೇಕಿತ್ತು, ಅಷ್ಟೆ.

ಇಳಿಹೊತ್ತಿನಲ್ಲಿ ಎದುರಿನಿಂದ ಬಂದ ಬಸ್ಸು ನಿಂತು, ಒಬ್ಬ ಗಟ್ಟಿ ಮುದುಕಿ ಕೈಯಲ್ಲಿ ಮುಚ್ಚಿದ ಪಾತ್ರೆ ಹಿಡಿದು ಇಳಿದಳು. ನಿಂಗಮ್ಮ. ನೇರವಾಗಿ ಗಾಡಿಯ ಹತ್ತಿರ ಬಂದವಳ ಕಣ್ಣು ಗಾಲಿಯ ಮೇಲೆ ಬಿತ್ತು. ಹದಿನೇಳು ವರ್ಷದ ನಂತರದ ಮೊದಲ ಮಾತು ಇದು: "ಅವ್ವನ ಕಲ್ಲು ತಂದು ಗಾಲಿ ಕೆಳೀಕೆ ಕೊಟ್ಟಿದ್ದೀಯಲ್ಲ, ನಿನ್ ಬುದ್ಧಿಗಿಷ್ಟು!"

ಕಿಟಕಿಯಿಂದ ಅತ್ತೆಯ ದನಿ: "ನೀನ್ ಓತ್ಕೊಂಡೋದ್ದು ಏನ್ ಮಾಡ್ದೆ? ಪೂಜೆ ಮಾಡ್ತಿದ್ದೀಯ?"

"ಬಚ್ಚಲಿಗೆ ಆಕಿವ್ನಿ. ಕಾಲು ತಿಕ್ಕಾಕೆ."

ಒಳಗೆ ಅತ್ತೆ ನಕ್ಕದ್ದು ಕೇಳಿಸಿತು, ಸೊಂಟ ಹಿಡಿದುಕೊಂಡು, ನೋವಿನಲ್ಲಿ ನರಳುತ್ತಾ ನಗುವ ನಗು. ನಿಂಗಮ್ಮ ಬಾಗಿಲಿಗೆ ಬಂದು ಹಿಂಜರಿದು ಕೆಳಗೆ ನೋಡಿದಳು. ಅತ್ತೆ, "ಅತ್ತು ಬಾ. ಇದು ನನ್ ಮನೆ ಅಲ್ಲ, ಅವ್ನ ಗಾಡಿ. ನೋಡು, ಒಸ್ಲೇ ಇಲ್ಲ" ಎಂದರು. ನಿಜಕ್ಕೂ ಇರಲಿಲ್ಲ, ಗೀರು ಗೀರಿನ ತಗಡು ಮಾತ್ರ. ನಿಂಗಮ್ಮ ಹತ್ತಿದಳು. ಅಕ್ಕನ ಕಾಲ ಬುಡದಲ್ಲಿ ಕೂತು ಪಾತ್ರೆಯ ಮುಚ್ಚಳ ತೆಗೆಯುತ್ತಾ ಅಂದಳು: "ನೀನು ಬಾಗ್ಲಿಗೆ ಬಂದು ಕೂಗಿದ್ರೆ ನಾನು ಆಚೆಗೇ ಬತ್ತಿರ್ಲಿಲ್ಲ ಕನಕ್ಕ. ದಾರೀಲಿ ನಿಂತೋಗವ್ಳೆ ಅಂದ್ರು. ಇದ್ದಂಗೇ ಎದ್ದು ಬಂದೆ."

ರಬ್ಬರು ತಂದು, ಈ ಸಲ ನಾನು ಸೋಪು ನೀರಲ್ಲಿ ತೊಳೆದು, ಒತ್ತು ಇಡ್ಕೊ ಬುಡು ಮತ್ತೆ ಮೊದಲಿಂದ ಮಾಡಿ ಮುಗಿಸುವಷ್ಟರಲ್ಲಿ ಮೂರು ದಿನವಾಯಿತು. ಮೂರು ದಿನವೂ ಅಕ್ಕತಂಗಿಯರು ಆ ಎರಡು ಮಂಚಗಳ ಮೇಲೆ ಎದುರುಬದುರಾಗಿ ಮಲಗಿ ಮಾತಾಡಿದರು. ಆಲೆಮನೆಯವರು ಬಿಸಿ ಬೆಲ್ಲ ಕೊಟ್ಟು ಹೋಗುತ್ತಿದ್ದರು. ಬ್ರೇಕು ರೆಡಿ ಎಂದಾಗ ಇಬ್ಬರಿಗೂ ನಿರಾಸೆಯಾದದ್ದು ಎದ್ದು ಕಾಣುತ್ತಿತ್ತು.

ಆ ವರ್ಷದ ಸಂಕ್ರಾಂತಿಯನ್ನು ಅತ್ತೆ ನೋಡಲಿಲ್ಲ. ನಿಂಗಮ್ಮ ನಮ್ಮ ಹೊಸಲು ದಾಟಿದ್ದು ಅವರ ಹೆಣದ ಮುಂದೆ ಕೂರಲು. ಹನ್ನೊಂದನೆಯ ದಿನಕ್ಕೆ ಬರುವಾಗ ಬಸ್ಸಿನ ಟಾಪಿನ ಮೇಲೆ ಕೆಳಗಿನ ಕಲ್ಲನ್ನು ಹಾಕಿಸಿಕೊಂಡು ಬಂದಿದ್ದಳು. ಎರಡೂ ಈಗ ನಮ್ಮ ಜಗಲಿಯಲ್ಲಿ ಒಂದರ ಮೇಲೊಂದು ಕೂತಿವೆ. ಗಾಡಿ ಎಂದೋ ಗುಜರಿಗೆ ಹೋಯಿತು. ನೆಂಟರಿಷ್ಟರು ಮಾತ್ರ ಯಾವ ಮದುವೆಗೆ ಹೋದರೂ ಇವರನ್ನು "ಬ್ರೇಕಿಗೆ ಕೆಟ್ಟೆಣ್ಣೆ ಉಯ್ದೋನು" ಎಂದು ಆಡಿಕೊಳ್ಳುವುದನ್ನು ಬಿಡಲಿಲ್ಲ. ಇವರು ತಲೆ ಕೆರೆದುಕೊಂಡು ನಗುವರು. ನಾನು ಎಲೆಯ ಮೇಲಿನ ಪಾಯಸ ನೋಡುತ್ತಾ ಕೂರುವೆ. ಆ ಪಾಯಸ ಒಂದು ದಿನವೂ ನನಗೆ ರುಚಿಸಿಲ್ಲ.

ಈ ಬೆಳಿಗ್ಗೆ ಮೊಣಕಾಲಿಗೆ ಎಣ್ಣೆ ಹಚ್ಚುತ್ತಾ, ತಲೆ ಎತ್ತದೆ ಹೇಳಿಬಿಟ್ಟೆ. "ಆವತ್ತು ರಬ್ಬರನ್ನ ಸೀಮೆಎಣ್ಣೇಲಿ ತೊಳೆದೋಳು ನಾನು."

ಅವರು ಕಣ್ಣು ಮುಚ್ಚಿಕೊಂಡೇ, "ಗೊತ್ತು" ಎಂದರು.

"ಯಾವತ್ತಿಂದ?"

"ಏರಿ ಮೇಲೆ ಮೂಸಿ ನೋಡ್ಲಿಲ್ವಾ."

ಇಪ್ಪತ್ತು ಚಿಲ್ಲರೆ ವರ್ಷ! ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. "ಮತ್ಯಾಕೆ ಬಾಯಿ ಬಿಡಲಿಲ್ಲ?" ಎಂದೆ.

"ಅವ್ವಂಗೆ ಏಳಿದ್ರೆ ಸಾಯೋಗಂಟ ನಿನ್ನ ಬುಡ್ತಿರ್ಲಿಲ್ಲ. ಆಮೇಕೆ ಚಿಕ್ಕವ್ವ ಬಂದ್ಲು. ಇನ್ನೇನೇಳಾದು?" ಎಂದು ಕಾಲನ್ನು ಇನ್ನಷ್ಟು ಮುಂದಕ್ಕೆ ಚಾಚಿದರು. "ಅಲ್ಲಲ್ಲ, ಸೊಲ್ಪ ಕೆಳೀಕೆ. ಆಂ, ಅಲ್ಲೇ. ಒತ್ತು."

ಒತ್ತಿದೆ.

"ಇಡ್ಕೊ."

ಹಿಡಿದುಕೊಂಡೆ. ಎಣ್ಣೆ ಬಟ್ಟಲಲ್ಲೇ ಆರಿತು, ಬಿಸಿಲು ಜಗಲಿಯ ಬೀಸೋ ಕಲ್ಲಿನವರೆಗೂ ಬಂತು. ಅವರಿಗೆ ಹಾಗೇ ಜೊಂಪು ಹತ್ತಿತ್ತು, ಬುಡು ಎನ್ನಲಿಲ್ಲ. ನಾನೂ ಬಿಡಲಿಲ್ಲ.