ದೊಡ್ಡ ಟರ್ಬೊ ಹಾಕಿಸಿದ ವರ್ಷ

ನಿಮ್ಮ ಅಜ್ಜ ಕುರಿ ಕಾದದ್ದು ನಿಮಗೆ ಗೊತ್ತು. ನಡುವೆ ಎರಡು ವರ್ಷ ಜೀಪು ಓಡಿಸಿದ್ದರು ಎಂದರೆ ನಗುತ್ತೀರಿ. ಅದು ಯಾಕೆ ನಿಂತಿತು ಎಂದು ನೀವು ಕೇಳಿದಾಗಲೆಲ್ಲ ನಾನು ಒಲೆಯ ಕಡೆ ಹೊರಳಿದ್ದೇನೆ. ಬಾಯಿಬಿಟ್ಟು ಹೇಳುವುದು ನನಗೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಮಾತು. ನಮ್ಮೂರು ಅಲಖನೂರಿನಲ್ಲಿ ತಮ್ಮ ಪಾಲಿನ ಕುರಿಗಳನ್ನು ಮಾರಿ ಅಜ್ಜ ಹಳೆಯ ಜೀಪು ಕೊಂಡರು. ನಿಪ್ಪಾಣಿಯಲ್ಲಿ ಒಂದು ಕೋಣೆ ಹಿಡಿದೆವು. ಅಲ್ಲಿಂದ ಸಂಕೇಶ್ವರಕ್ಕೆ ಜನರನ್ನು ಕೂರಿಸಿಕೊಂಡು ಹೋಗಿ ಬರುವುದು ಕೆಲಸ. ಅಜ್ಜನ ಅಣ್ಣ, ನನ್ನ ಭಾವ, ಹೊರಡುವಾಗ ಒಂದೇ ಮಾತು ಹೇಳಿದ್ದರು: "ಎರಡು ದೀಪಾವಳಿ ನೋಡ್ತೀನಿ. ನಡೀತಂದ್ರ ನಡೀಲಿ. ಇಲ್ಲಂದ್ರ ಸುಮ್ಮ ಬಂದು ನನ್ನ ಹಿಂಡಿನ ಹಿಂದ ನಿಲ್ಲು." ಅಣ್ಣನ ಹಿಂದೆ ನಿಲ್ಲುವುದು ಅಜ್ಜನಿಗೆ ಬೇಡವಾಗಿತ್ತು. ಅವರು ಆಸೆಪಟ್ಟದ್ದು ಅದೊಂದಕ್ಕೇ.

ಸಂಕೇಶ್ವರಕ್ಕೆ ಹೋಗಲು ತವಂದಿ ಘಾಟು ಹತ್ತಬೇಕು. ಹಳೆಯ ಎಂಜಿನ್ನು ಅರ್ಧ ಘಾಟಿಗೇ ಸೋತು ನಿಲ್ಲುತ್ತಿತ್ತು, ಗಂಡಸರು ಇಳಿದು ನಡೆಯುತ್ತಿದ್ದರು. ಕಡೆಗೆ ಅಜ್ಜ ಮುಂಬೈ ಗುಜರಿಯಿಂದ ಬಂದ ಜಪಾನಿ ಡೀಸೆಲ್ ಎಂಜಿನ್ನು ಕೂರಿಸಿದರು. ಕೂರಿಸಿದವನು ಕುಡಚಿ ಕಡೆಯ ಒಬ್ಬ ಮಿಸ್ತ್ರಿ. ಪಂಪು ತಿರುವಿ ಡೀಸೆಲ್ ಹೆಚ್ಚು ಹೋಗುವಂತೆಯೂ ಮಾಡಿದ್ದ. ಆ ಎಂಜಿನ್ನಿನ ಮಗ್ಗುಲಿಗೆ ಶಂಖದ ಆಕಾರದ ಕಬ್ಬಿಣದ ಗಡ್ಡೆಯೊಂದಿತ್ತು. ಅದೇ ಟರ್ಬೊ.

ಮಿಸ್ತ್ರಿ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೆ. ಎಂಜಿನ್ನಿನ ಬಿಸಿ ಹೊಗೆ ಅದರೊಳಗಿನ ಚಕ್ರ ತಿರುಗಿಸುತ್ತದೆ, ಚಕ್ರ ಎಂಜಿನ್ನಿಗೆ ಗಾಳಿ ತುಂಬುತ್ತದೆ, ಚಕ್ರದ ಕಡ್ಡಿ ಎಣ್ಣೆಯ ಮೇಲೆ ತೇಲಿಕೊಂಡಿರುತ್ತದೆ. "ಒಂದ್ ಮಾತು ನೆನಪಿಡ್ರಿ ಮಾಲಕ. ಏರು ಹತ್ತಿದ ಕೂಡ್ಲೇ ಬಂದ್ ಮಾಡಬ್ಯಾಡ್ರಿ. ಎರಡು ಮಿನಿಟ ಸುಮ್ಮ ಚಾಲೂ ಇಡ್ರಿ. ಇಲ್ಲಂದ್ರ ಒಳಗಿನ ಎಣ್ಣಿ ನಿಂತಲ್ಲೇ ನಿಂತು ಕರಕಾಗ್ತೈತಿ."

"ಅಷ್ಟು ತಿಳಿಯಂಗಿಲ್ಲೇನೋ ನನಗ?" ಎಂದರು ಅಜ್ಜ.

ಜೀಪು ಘಾಟನ್ನು ಓಡುತ್ತಾ ಹತ್ತತೊಡಗಿತು. ಜನ ಬೇರೆ ಜೀಪು ಬಿಟ್ಟು ಇದಕ್ಕೇ ಕಾಯುತ್ತಿದ್ದರು. ಐದು ತಿಂಗಳಿಗೆ ಟರ್ಬೊ ಕಿರುಚಿ, ಹೊಗೆ ಉಗುಳಿ, ಸತ್ತಿತು.

ಮಿಸ್ತ್ರಿ ಬಿಚ್ಚಿ ನೋಡಿದ. ಕಡ್ಡಿ ಸುಟ್ಟು ಕಪ್ಪಾಗಿತ್ತು. "ಬಿಸಿ ಇದ್ದಾಗ ಬಂದ್ ಮಾಡೀರೇನ್ರಿ?"

"ನಿನ್ನಾಣಿ ಇಲ್ಲೋ. ಮನಿಗೆ ಬಂದ ಮ್ಯಾಲೂ ಎರಡು ಮಿನಿಟ ಬಿಟ್ಟು ಬಂದ್ ಮಾಡ್ತೀನಿ. ಬೇಕಾದ್ರ ಇವಳನ್ನ ಕೇಳು."

ಮಿಸ್ತ್ರಿ ಬಾಗಿಲ ಕಡೆ ನೋಡಿದ. "ಹೌದೇನ್ರಿ ವೈನಿ?"

ನಾನು ತಲೆ ಆಡಿಸಿದೆ. ಅಜ್ಜ ಹೇಳಿದ್ದು ಸುಳ್ಳಲ್ಲ. ಆದರೆ ಆ ಕ್ಷಣದಲ್ಲೇ ನನಗೆ ಘಾಟಿನ ದೇವರು ನೆನಪಾಯಿತು.

ಘಾಟಿನ ತುದಿಯಲ್ಲಿ ನಮ್ಮ ಕುಲದವರು ಅರಿಶಿನದ ಭಂಡಾರ ಹಚ್ಚುವ ಒಂದು ಕಲ್ಲಿನ ದೇವರಿದೆ. ಹಿಂಡು ಅದರ ಮುಂದೆ ಹಾಯುವಾಗ ಸಪ್ಪಳವಾಗಬಾರದೆಂದು ಮುಂದಿನ ಟಗರಿನ ಗಂಟೆಯನ್ನು ಕೈಯಲ್ಲಿ ಮುಚ್ಚಿ ಹಿಡಿಯುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಜೀಪು ಕೊಂಡ ದಿನ ನಾನೇ ಕೇಳಿಕೊಂಡಿದ್ದೆ: "ಆ ದೇವರ ಮುಂದ ಎಂಜಿನ್ ಬಂದ್ ಮಾಡಿ, ಕೈ ಮುಗಿದು ಮುಂದ ಹೋಗ್ರಿ." ಮದುವೆಯಾದ ಮೇಲೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅಜ್ಜ ಒಂದು ದಿನವೂ ತಪ್ಪಿಸಿರಲಿಲ್ಲ. ಘಾಟು ಹತ್ತಿ ಕೆಂಪಗೆ ಕಾದ ಎಂಜಿನ್ನನ್ನು ದಿನಕ್ಕೆ ಮೂರು ನಾಲ್ಕು ಸಲ ಅಲ್ಲಿಯೇ ಬಂದ್ ಮಾಡುತ್ತಿದ್ದರು. ದೇವರ ಮುಂದೆ ನಿಂತದ್ದು ಅವರ ಲೆಕ್ಕದಲ್ಲಿ ಬಂದ್ ಮಾಡಿದ್ದೇ ಅಲ್ಲ.

ಹೊರಗಿನವರ ಮುಂದೆ ಇದನ್ನು ಹೇಳಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಮಿಸ್ತ್ರಿ ತೀರ್ಮಾನ ಮಾಡಿಬಿಟ್ಟ. "ಈ ಸಣ್ಣ ಜಾತಿ ಟರ್ಬೊಕ್ಕ ದಮ್ ಇಲ್ರಿ. ಲಾರೀದು ದೊಡ್ಡದು ಕೂಡಿಸೂನು."

ದೊಡ್ಡದು ಬಂತು. ಬಾನೆಟ್ಟಿನ ಬದಿ ಕತ್ತರಿಸಿ ಅದಕ್ಕೆ ಜಾಗ ಮಾಡಿದರು. ಜೀಪಿನ ಗುಣವೇ ಬದಲಾಯಿತು. ಏರಿನ ಶುರುವಿಗೆ ಸತ್ತಂತೆ ತೆವಳುವುದು, ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಜಿಗಿಯುವುದು. ಹಿಂದೆ ಕೂತವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಬಿಸಿಯೂ ಮೊದಲಿಗಿಂತ ಹೆಚ್ಚು.

ಒಂದು ವಾರ ನುಂಗಿಕೊಂಡಿದ್ದು, ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತಾ, ದೇವರ ಮುಂದೆ ಬಂದ್ ಮಾಡಿದ್ದಕ್ಕೇ ಟರ್ಬೊ ಸುಟ್ಟಿತೆಂದು ತಲೆ ಎತ್ತದೆ ಹೇಳಿದೆ. ಅಜ್ಜ ಮುರಿದ ರೊಟ್ಟಿಯನ್ನು ತಾಟಿಗಿಟ್ಟರು. "ದೇವರ ಮುಂದ ಚಾಲೂ ಇಡು ಅಂತೀಯೇನ?" ಎಂದರು. "ಎರಡ ಮಿನಿಟ್ರಿ" ಎಂದೆ. "ನೀನೂ ಬಾ ಹಂಗಾರ. ನೀ ಹಾಕಿದ ಕಟ್ಟು, ನೀನೇ ಬಿಡಿಸು."

ಹೋದೆ. ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿಯ ಪಕ್ಕ ಕೂತೆ. ಘಾಟು ಹತ್ತಿದ ಮೇಲೆ ಅಜ್ಜ ದೇವರ ಮುಂದೆ ನಿಲ್ಲಿಸಿದರು, ಎಂಜಿನ್ನು ಬಂದ್ ಮಾಡಲಿಲ್ಲ. ಅದು ಗುರುಗುಡುತ್ತಲೇ ಇತ್ತು.

"ಏ ತಮ್ಮಾ, ಇದೇನೋ?" ಎಂದಳು ಮುದುಕಿ. "ದೇವರ ಮುಂದ ಗುರ್ ಅನಿಸ್ತಿಯಲ್ಲೋ! ನಿಮ್ಮಪ್ಪ ಗಂಟೀ ಹಿಡಕೊಂಡು ಹೋಗ್ತಿದ್ದಾ, ನನಗ ಗೊತ್ತೈತಿ."

"ಎರಡ ಮಿನಿಟ ಯಮ್ಮಾ, ಎಂಜಿನ್ ಆರಲಿ."

ಮುಂದೆ ಕೂತಿದ್ದ ತಂಬಾಕಿನ ದಲ್ಲಾಳಿ ನಕ್ಕ. "ದೇವ್ರು ಹೊರಗ ನಿಂತಾನ, ಎಂಜಿನ್ ಸಾಹೇಬ್ರು ಒಳಗ ಆರಾಮ ತಗೊಳಾಕತ್ತಾರ!"

ಎಲ್ಲರೂ ನಕ್ಕರು. ಮುದುಕಿ ನಗಲಿಲ್ಲ. "ನಾ ಇಳೀತೀನಿ. ಇಂಥ ಗಾಡ್ಯಾಗ ನಾ ಬರಂಗಿಲ್ಲ. ಬರ್ರೇ, ನೀವೂ ಇಳೀರಿ" ಎಂದು ಉಳಿದ ಹೆಂಗಸರನ್ನೂ ಎಬ್ಬಿಸತೊಡಗಿದಳು.

ಅಜ್ಜ ಕನ್ನಡಿಯಲ್ಲಿ ನನ್ನನ್ನು ನೋಡಿದರು. ನನ್ನ ಮಾತಿಗೇ ಕಾಯುತ್ತಿದ್ದರು. ಇದು ನಾನು ಹಾಕಿದ ಕಟ್ಟು, ನಾನೇ ಬಿಡಿಸಿದ್ದೇನೆ, ನೀವು ಕೂಡ್ರಿ ಅಂದರೆ ಸಾಕಿತ್ತು. ನಾನು ಸೆರಗು ಎಳೆದುಕೊಂಡು ಕಾಲ ಬೆರಳು ನೋಡಿದೆ. ಅಜ್ಜ ಚಾವಿ ತಿರುವಿದರು. ಎಂಜಿನ್ನು ನಿಂತಿತು. ಎಲ್ಲರೂ ಕೈ ಮುಗಿದರು, ನಾನೂ ಮುಗಿದೆ.

ಆಮೇಲೆಯೂ ದಿನಾ ಅಲ್ಲಿ ಬಂದ್ ಮಾಡುವುದೇ ನಡೆಯಿತು. ದೊಡ್ಡ ಟರ್ಬೊ ಎರಡನೇ ದೀಪಾವಳಿಗೆ ಹದಿನೈದು ದಿನ ಇರುವಾಗ ಹೋಯಿತು. ಈ ಸಲ ಅಜ್ಜ ಮಿಸ್ತ್ರಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಅವನು ಹಣೆ ಚಚ್ಚಿಕೊಂಡ. "ಮೊದಲ ಹೇಳಿದ್ರ ನೀರು ತಿರುಗೋ ಟರ್ಬೊ ಹಾಕ್ತಿದ್ನಲ್ರೀ! ಅದು ಬಂದ್ ಮಾಡಿದ ಮ್ಯಾಲೂ ನೀರಿನಿಂದ ಆರ್ತೈತಿ. ಕೊಲ್ಹಾಪುರದಾಗ ಹೇಳಿ ತರಸ್ತೀನಿ. ಒಂದು ತಿಂಗಳು ತಡೀರಿ."

ಹಬ್ಬ ಮುಗಿದ ಮಾರನೆಯ ದಿನ ಭಾವ ಬಂದರು. ಜೀಪು ಅಂಗಳದಲ್ಲಿ ಬಾನೆಟ್ಟು ತೆರೆದುಕೊಂಡು ನಿಂತಿತ್ತು.

"ಮಿಸ್ತ್ರಿ ಮೋಸ ಮಾಡಿದ್ನೇನಲೇ?"

"ಇಲ್ಲ ಅಣ್ಣಾ, ಅವ ಶಾಣ್ಯಾ ಅದಾನ. ತಪ್ಪು ನಂದ" ಎಂದರು ಅಜ್ಜ. ನನ್ನ ಹೆಸರು ತೆಗೆಯಲಿಲ್ಲ. "ಒಂದು ತಿಂಗಳು ಕೊಡು."

ಭಾವ ಸಿಟ್ಟಿನ ಮನುಷ್ಯರಲ್ಲ. ನಾನು ಚಹಾ ತಂದಿಟ್ಟಾಗ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ನನ್ನನ್ನೇ ಕೇಳಿದರು: "ನೀ ಏನ್ ಅಂತೀ ತಂಗೀ? ತಡಿಯೂನೇನ ಒಂದು ತಿಂಗಳು? ನೀ ಹೂಂ ಅಂದ್ರ ನಾ ಹೊಳ್ಳಿ ಹೋಗ್ತೀನಿ."

ಮಕ್ಕಳೇ, ಹೂಂ ಅನ್ನಲು ಬಾಯಿ ತೆರೆಯಲೂ ಬೇಕಿಲ್ಲ. ಭಾವನ ಎದುರು ಒಮ್ಮೆಯೂ ದನಿ ತೆಗೆದವಳಲ್ಲ ನಾನು. ಅಜ್ಜ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು. ನಾನು ಖಾಲಿ ತಾಟು ಎತ್ತಿಕೊಂಡು ಒಳಗೆ ಹೋದೆ. ಒಳಗೆ ಹೋಗಿ ನಿಂತ ಮೇಲೆ ಹೂಂ ಅಂದೆ, ಎರಡು ಸಲ. ಯಾರಿಗೂ ಕೇಳಿಸಲಿಲ್ಲ.

"ಆಕೀಗೂ ಸಾಕಾಗೇತಿ" ಎಂದರು ಭಾವ ಹೊರಗೆ.

ಅಜ್ಜ ಬಾನೆಟ್ಟು ಮುಚ್ಚಿ ಒಳಗೆ ಬಂದು, "ಕುರಿ ಕಾಯೋ ಕಂಬಳಿ ಎಲ್ಲೈತಿ?" ಎಂದರು. ತೆಗೆದುಕೊಟ್ಟೆ.